ಯಾಕೆ ಅಂತ ಕೇಳಬಾರದು

ಜನವರಿ ೨೮

ಕಣ್ಣಿನ ಪೊರೆ ತೆಗೆಸಿ ತಿಂಗಳಾಯ್ತು. ಈಗ ದೂರದ ಬೇಲಿ ಕಂಬವೂ ಕಾಣುತ್ತೆ, ಹತ್ತಿರದವರ ಬುದ್ಧಿಯೂ ಕಾಣುತ್ತೆ.

ಇವತ್ತು ದನ ಸಾಕುವವರ ಸಭೆ ಇತ್ತು, ಹಾಲಿನ ಶೆಡ್ಡಿನಲ್ಲಿ. ಈ ವರ್ಷ ಹುಲ್ಲುಗಾವಲಿಗೆ ಬೆಂಕಿ ಇಡೋ ಯಜಮಾನಿಕೆ ಯಾರದು ಅಂತ ಮಾತು ಬಂತು. ಇಷ್ಟು ವರ್ಷ ಆ ಮಾತೇ ಬರ್ತಿರಲಿಲ್ಲ, ನಾನಿದ್ದೆನಲ್ಲ. ಟ್ಯಾಂಕರ್ ಡ್ರೈವರ್ ಕೆಮ್ಮಿದ. ಅವನು ಕೆಮ್ಮಿದ ಅಂದ್ರೆ ಯಾರೋ ಮೊದಲೇ ಕಿವಿ ಊದಿದ್ದಾರೆ ಅಂತಲೇ ಅರ್ಥ. "ಗಾಳಿಯಣ್ಣಂಗೆ ಈಗಷ್ಟೇ ಕಣ್ಣಿನ ಆಪರೇಷನ್ ಆಗಿದೆ, ಹೊಗೆ ತಾಗಬಾರದು. ಈ ಸಲ ತಂಗೀನೇ ನಡೆಸಲಿ" ಅಂದ. ಎಲ್ಲರೂ ಕೋಲೆಬಸವನ ಹಾಗೆ ತಲೆ ಆಡಿಸಿದರು. ತಂಗಿ ಅಂದ್ರೆ ಊರಿನ ತಂಗಿಯಲ್ಲ, ನನ್ನ ಒಡಹುಟ್ಟಿದ ತಂಗಿ. ಅಣ್ಣನಿರುವಾಗ ನನಗ್ಯಾಕೆ ಅಂತ ಬಾಯಿಮಾತಿಗಾದ್ರೂ ಅನ್ನಬಹುದಿತ್ತು. ಅನ್ನಲಿಲ್ಲ. ನನ್ನ ಕಡೆ ತಿರುಗಿ "ನೀನು ನೀರಿನ ಪೈಪ್ ನೋಡ್ಕೊಳ್ಳಣ್ಣ" ಅಂದಳು.

ನೀರಿನ ಪೈಪ್! ಗಾಳಿ ತಿರುಗೋ ಮೊದಲೇ ಮೂಗಿನಲ್ಲಿ ಹಿಡೀತಾನೆ ಅಂತ ನನಗೆ ಗಾಳಿಯಣ್ಣ ಅಂತ ಹೆಸರಿಟ್ಟವರೇ ಇವರು. ಆಪರೇಷನ್ ಆಗಿದ್ದು ಕಣ್ಣಿಗೆ, ಮೂಗಿಗಲ್ಲ.

ಮನೆಗೆ ಬಂದು ನಮ್ಮವಳಿಗೆ ಹೇಳಿದೆ. "ಒಳ್ಳೇದಾಯ್ತು ಬಿಡಿ, ಈ ವರ್ಷವಾದ್ರೂ ನಿಮ್ಮ ಅಂಗಿ ಹೊಗೆ ನಾರಲ್ಲ" ಅಂದಳು. ಕಟ್ಟಿಕೊಂಡವಳು ಅಂದ್ರೆ ಹೀಗಿರಬೇಕು.

ಫೆಬ್ರವರಿ ೬

ತಂಗಿ ಇವತ್ತು ಎಲ್ಲರನ್ನೂ ಬಯಲಿಗೆ ಕರೆದುಕೊಂಡು ಹೋಗಿ ಕೋಲಿನಲ್ಲಿ ತೋರಿಸಿದಳು. ನನಗೂ ತೋರಿಸಿದಳು, ನಾನೇನೋ ನಿನ್ನೆ ಬಸ್ಸಿಳಿದು ಬಂದವನ ಹಾಗೆ.

ಹುಲ್ಲುಗಾವಲನ್ನು ಮೂರು ಪಾಲು ಮಾಡಿದ್ದಾಳೆ. ವರ್ಷಕ್ಕೆ ಒಂದೇ ಪಾಲು ಸುಡೋದಂತೆ. ಈ ವರ್ಷ ರಸ್ತೆ ಪಕ್ಕದ ಮೂಡಲ ಪಾಲು, ಬರೋ ವರ್ಷ ನಡು ಪಾಲು, ಅದರ ಮುಂದಿನ ವರ್ಷ ಪಡುವಲ ಪಾಲು. ನಡುವೆ ಬೇಲಿ ಹಾಕೋದು ಬೇಡವಂತೆ, ದನ ಅಟ್ಟೋದೂ ಬೇಡವಂತೆ. "ಒಣಗಿ ತಂತಿ ಥರ ಆಗಿರೋ ಹಳೇ ಹುಲ್ಲಿಗೆ ದನ ಬಾಯಿ ಹಾಕಲ್ಲ. ಸುಟ್ಟ ಜಾಗದಲ್ಲಿ ಚಿಗುರು ಬಂದ್ರೆ ತಾವಾಗೇ ಅಲ್ಲಿಗೆ ಹೋಗಿ ಮೇಯ್ತವೆ. ಅಷ್ಟರಲ್ಲಿ ಉಳಿದೆರಡು ಪಾಲು ಬೆಳಕೊಳ್ಳುತ್ತೆ. ಬೆಂಕಿ ಮುಂದೆ, ಹಸು ಹಿಂದೆ" ಅಂದಳು. ಇನ್ನೊಂದು ಮಾತನ್ನೂ ಹೇಳಿದಳು. ಬೇಸಿಗೆಯಲ್ಲಿ ಕಿಡಿ ಬೀಳೋದು ಯಾವಾಗಲೂ ರಸ್ತೆ ಕಡೆಯಿಂದ. ಆ ಪಾಲು ಮೊದಲೇ ಸುಟ್ಟಿದ್ರೆ ಕಿಡಿ ಬಿದ್ರೂ ಹತ್ತಲ್ಲ, ದನ ಇರೋದೂ ಅಲ್ಲೇ, ಅವುಗಳ ಕೂದಲೂ ಕೊಂಕಲ್ಲ.

ನಾನು ಇಡೀ ಬಯಲನ್ನು ಒಂದೇ ಸಲ ಸುಡಿಸುತ್ತಿದ್ದೆ. ಅದು ತಪ್ಪು ಅಂತ ಅವಳು ಬಾಯಿ ಬಿಟ್ಟು ಹೇಳಲಿಲ್ಲ. ಹೇಳಿದ್ರೇ ಚೆನ್ನಾಗಿತ್ತು.

ನನ್ನದೂ ಅಂತ ಒಂದನ್ನು ಉಳಿಸಿಕೊಂಡಿದ್ದಾಳೆ. ಬೆಂಕಿ ಹಚ್ಚೋ ಮೊದಲು ಸಾಲಿನಲ್ಲಿ ನಿಂತ ಪ್ರತಿಯೊಬ್ಬರನ್ನೂ ಕೇಳಬೇಕು. ಒಬ್ಬರು ಬೇಡ ಅಂದ್ರೂ ಆವತ್ತು ಬೆಂಕಿ ಇಲ್ಲ. ಬೇಡ ಅಂದವರನ್ನು ಯಾಕೆ ಅಂತ ಕೇಳಬಾರದು, ಆವತ್ತೂ ಕೇಳಬಾರದು, ಆಮೇಲೂ ಕೇಳಬಾರದು. ಇದು ನಾನು ಮಾಡಿದ ನಿಯಮ. ನಾನು ಯಜಮಾನ ಆಗೋ ಮೊದಲು ಹಾಲು ಕರೆಯೋನೊಬ್ಬ ಸಾಲಿನಲ್ಲಿ ನಿಂತು "ಯಾಕೋ ಬೇಡ ಅನಿಸ್ತಿದೆ" ಅಂದಿದ್ದ. ಆಗಿನ ಯಜಮಾನ "ಯಾಕೋ ಅಂದ್ರೆ ಯಾಕೆ, ಹೇಳಯ್ಯ" ಅಂತ ಗದರಿದ. ಪಾಪ, ಅವನಿಗೆ ಹೇಳೋಕೆ ಬರಲಿಲ್ಲ. ಎಲ್ಲರೂ ನಕ್ಕರು, ಬೆಂಕಿ ಹಚ್ಚಿದರು, ಗಾಳಿ ತಿರುಗಿತು, ಅವನ ಬೆನ್ನಿನ ಚರ್ಮ ಅಂಗಿಯ ಜೊತೆ ಬಂತು. ಹೆದರಿಕೆ ಮೊದಲು ಬರುತ್ತೆ, ಕಾರಣ ಆಮೇಲೆ ಗೊತ್ತಾಗುತ್ತೆ. ನಾನು ಯಜಮಾನ ಆದ ದಿನವೇ ಆ ನಿಯಮ ತಂದೆ. ಆಮೇಲೆ ಯಾರಿಗೂ ಏನೂ ಆಗಿಲ್ಲ.

ಫೆಬ್ರವರಿ ೧೯

ಇವತ್ತು ಮೂಡಲ ಪಾಲಿಗೆ ಬೆಂಕಿ ಇಡಬೇಕಿತ್ತು. ಇಡಲಿಲ್ಲ.

ಬೆಳಗ್ಗೆ ಎಲ್ಲರೂ ಬಂದಿದ್ದರು. ಡ್ರೈವರ್ ಟ್ಯಾಂಕರ್ ತಂದಿದ್ದ, ಬೇಲಿ ಕೆಲಸದವನು ಬೆಂಕಿ ಬಡಿಯೋ ರಬ್ಬರ್ ಪಟ್ಟಿಗಳನ್ನು ಹಂಚುತ್ತಿದ್ದ. ನಾನು ಪಾಲಿನ ಅಂಚಿಗೆ ನೀರು ಹಿಡಿದು ನೆನೆಸುತ್ತಾ ಬಂದೆ. ತಂಗಿ ನೋಡಿ "ಅಣ್ಣ, ಒಳಗಡೆ ಅಲ್ಲ, ಹೊರಗಡೆ ಅಂಚು ನೆನೆಸು" ಅಂದಳು. ನಾನು ಯಾವಾಗಲೂ ಒಳಗಡೆಯೇ ನೆನೆಸೋದು ಅಂದೆ. "ನೀನು ಯಾವಾಗಲೂ ಮಾಡ್ತಿದ್ದಿದ್ದು ಬಿಡು. ನಾನು ಹೇಳಿದ್ದನ್ನ ಮಾಡು" ಅಂದಳು. ಎಲ್ಲರ ಎದುರಿಗೇ. ಬೇಲಿಯವನು ಕಿಸಕ್ಕಂತ ನಕ್ಕ. ಹೊರಗಡೆ ನೆನೆಸಿದೆ.

ಆಮೇಲೆ ಸಾಲಾಗಿ ನಿಂತೆವು. ಗಾಳಿ ಯಾವ ಕಡೆ ಅಂತ ನೋಡೋಕೆ ಬಟ್ಟೆ ಪಟ್ಟಿ ಕಟ್ಟಿದ ಕೋಲು ಹಿಡಿದುಕೊಂಡು ಅವಳು ಒಬ್ಬೊಬ್ಬರನ್ನೇ ಕೇಳುತ್ತಾ ಬಂದಳು. "ಹಚ್ಚೋಣವಾ?" "ಹಚ್ಚೋಣ." "ಹಚ್ಚೋಣವಾ?" "ಹಚ್ಚೋಣ." ಕೊನೆಗೆ ನಾನು. ನಾನು ಬೇಡ ಅಂದೆ.

ಗಾಳಿ ಅಷ್ಟು ಸರಿ ಇರಲಿಲ್ಲ.

ಅವಳು ಒಂದು ಗಳಿಗೆ ನನ್ನ ಮುಖ ನೋಡಿದಳು. ಆಮೇಲೆ "ಸರಿ, ಇವತ್ತು ಬೇಡ" ಅಂತ ಹೇಳಿ ಬೆಂಕಿ ಸುರಿಯೋ ಕ್ಯಾನಿನ ಎಣ್ಣೆಯನ್ನು ಡಬ್ಬಕ್ಕೆ ವಾಪಸ್ ಬಗ್ಗಿಸಿದಳು. ಡ್ರೈವರ್ ಪೈಪ್ ಸುತ್ತಿದ. ಯಾರೊಬ್ಬರೂ ಯಾಕೆ ಅನ್ನಲಿಲ್ಲ. ನಿಯಮ ಅಂದ್ರೆ ನಿಯಮ. ಅಷ್ಟಾದ್ರೂ ಮರ್ಯಾದೆ ಉಳಿದಿದೆ.

ಮಧ್ಯಾಹ್ನ ಊಟ ಚೆನ್ನಾಗಿ ಸೇರಿತು. ಎರಡನೇ ಸಲ ಹಾಕಿಸಿಕೊಂಡೆ.

ಫೆಬ್ರವರಿ ೨೫

ಮೂರು ದಿನದಿಂದ ಜಿಟಿಜಿಟಿ. ಹುಲ್ಲು ಒದ್ದೆ. ತಂಗಿ ದಿನಾ ಬೆಳಗ್ಗೆ ಹೋಗಿ ಒಂದು ಹಿಡಿ ಹುಲ್ಲು ಮುರಿದು ನೋಡಿ ಬರುತ್ತಾಳಂತೆ. ನೋಡಲಿ.

ಮಾರ್ಚ್ ೧೧

ಮಳೆ ನಿಂತಿತು ಅಂದ್ರೆ ಗಾಳಿ ಹಿಡಿದುಕೊಂಡಿತು. ಶೆಡ್ಡಿನ ತಗಡು ಎದ್ದು ಎದ್ದು ಬಡಿದುಕೊಳ್ಳುತ್ತೆ. ಇವತ್ತು ಅಗ್ನಿಶಾಮಕದವರ ಜೀಪು ಬಂದು, ಮಳೆಗಾಲದವರೆಗೂ ಯಾರೂ ಎಲ್ಲೂ ಬೆಂಕಿ ಹಚ್ಚಬಾರದು ಅಂತ ಕೂಗಿಕೊಂಡು ಹೋಯ್ತು. ಅಲ್ಲಿಗೆ ಈ ವರ್ಷದ ಕಥೆ ಮುಗೀತು. ಆ ಹತ್ತೊಂಬತ್ತನೇ ತಾರೀಕು ಒಂದೇ ಒಳ್ಳೇ ದಿನ ಇದ್ದಿದ್ದು ಅಂತ ಡ್ರೈವರ್ ಯಾರಿಗೋ ಹೇಳುತ್ತಿದ್ದ. ನನ್ನನ್ನು ಕಂಡು ಟೈರಿನ ಮಾತಿಗೆ ತಿರುಗಿಸಿದ.

ಒಂದು ವರ್ಷ ಸುಡದೇ ಇದ್ರೆ ಬಯಲೇನು ಎದ್ದು ಓಡಿಹೋಗುತ್ತಾ?

ಏಪ್ರಿಲ್ ೨

ಮೂಡಲ ಪಾಲಿನ ಹುಲ್ಲು ನನ್ನ ಸೊಂಟದವರೆಗೆ ಬಂದಿದೆ, ಎಲ್ಲಾ ಒಣ ಕಡ್ಡಿ. ಕಾಲಿಟ್ಟರೆ ಕಟಕಟ ಅನ್ನುತ್ತೆ. ದನ ಅದರೊಳಗೆ ಹಸಿ ಹುಡುಕಿಕೊಂಡು ಆಳಕ್ಕೆ ಹೋಗ್ತವೆ, ಬೆನ್ನು ಮಾತ್ರ ಕಾಣುತ್ತೆ. ತಂಗಿಯ ಗಂಟೆ ಹಸು ಎಲ್ಲಿದೆ ಅಂತ ಸದ್ದಿನಲ್ಲೇ ಕಂಡುಹಿಡಿಯಬೇಕು. ಆ ಹಸು ಹೋದ ಕಡೆ ಉಳಿದವೂ ಹೋಗ್ತವೆ. ಅವಳು ಕರುವಿನಿಂದ ಸಾಕಿದ್ದು. ಮೈ ತುಂಬಾ ಕೊಬ್ಬು ಅದಕ್ಕೆ. ನನ್ನ ಕೈಯಿಂದ ಉಪ್ಪು ನೆಕ್ಕಿ ನನ್ನನ್ನೇ ತಲೆಯಿಂದ ದಬ್ಬುತ್ತೆ.

ನಮ್ಮವಳೂ ಏನೂ ಕೇಳಿಲ್ಲ. ಅವಳು ಸಾಲಿನಲ್ಲಿ ನಿಂತವಳಲ್ಲ, ನಿಯಮ ಅವಳಿಗೆ ಅನ್ವಯಿಸೋದೂ ಇಲ್ಲ. ಉಪ್ಪಿನಿಂದ ಹಿಡಿದು ಸೊಪ್ಪಿನವರೆಗೂ ನೂರು ಪ್ರಶ್ನೆ ಕೇಳೋಳು ಇದೊಂದನ್ನು ಕೇಳಿಲ್ಲ.

ಏಪ್ರಿಲ್ ೧೭

ಮೂಡಲ ಪಾಲು ಹತ್ತಿಕೊಂಡಿತು. ರಸ್ತೆ ಕಡೆಯಿಂದ.

ಏಪ್ರಿಲ್ ೧೮

ಬರೆಯೋಕೆ ಆಗಲ್ಲ ಅಂದುಕೊಂಡೆ. ಆದರೆ ಮನೆಯಲ್ಲಿ ಇನ್ನೇನು ಮಾಡಲಿ, ನಮ್ಮವಳು ಒಳಗೆ ಅಳುತ್ತಿದ್ದಾಳೆ.

ಯಾವುದೋ ಲಾರಿಯವನು ಬೀಡಿ ಎಸೆದನೋ, ತಂತಿ ಕಿಡಿ ಬಿತ್ತೋ ಗೊತ್ತಿಲ್ಲ. ನಾವು ಹೊಗೆ ನೋಡಿ ಓಡೋ ಹೊತ್ತಿಗೆ ಬೆಂಕಿ ಆಳೆತ್ತರ ಆಗಿತ್ತು. ನನ್ನ ದನ ಅದೃಷ್ಟಕ್ಕೆ ನೀರಿನ ತೊಟ್ಟಿ ಹತ್ತಿರ ಇದ್ದವು. ತಂಗಿಯವು ಗಂಟೆ ಹಸುವಿನ ಹಿಂದೆ ಹುಲ್ಲಿನೊಳಗಿದ್ದವು. ಗಂಟೆ ಹಸು ಬೆಂಕಿ ಬಿಟ್ಟು ಓಡಿ ಬೇಲಿ ಮೂಲೆಗೆ ಸಿಕ್ಕಿಹಾಕಿಕೊಂಡಿತು, ಉಳಿದವು ಅದರ ಹಿಂದೆ. ಅಲ್ಲಿ ಗೇಟಿಲ್ಲ. ತಂಗಿ ತಂತಿ ಕೀಳೋಕೆ ಹೋದಳು. ಇಕ್ಕಳ ತರ್ತೀನಿ ಇರಮ್ಮಾ ಅಂತ ಬೇಲಿಯವನು ಕೂಗುತ್ತಲೇ ಇದ್ದ, ಅವಳು ಬರಿಗೈಯಲ್ಲೇ ಕಾದ ತಂತಿ ಹಿಡಿದು ಎಳೆದಳು. ಒಂದು ಎಳೆ ಬಂತು, ಎರಡನೇದು ಬಂತು. ಆ ಸಂದಿಯಲ್ಲಿ ಎಷ್ಟೋ ಹೊರಗೆ ಬಿದ್ದವು. ನಾಲ್ಕು ಬರಲಿಲ್ಲ. ಗಂಟೆ ಹಸು ಬರಲಿಲ್ಲ, ಅದು ಎಲ್ಲಕ್ಕಿಂತ ಮುಂದೆ ಇತ್ತಲ್ಲ, ಮೂಲೆಗೆ ಒತ್ತಿಕೊಂಡುಬಿಟ್ಟಿತ್ತು.

ಟ್ಯಾಂಕರ್ ನೀರು ಹೊಡೆದು ಬೆಂಕಿಯನ್ನು ನಡು ಪಾಲಿಗೆ ದಾಟದ ಹಾಗೆ ತಡೆದ ಮೇಲೆ ದನದ ಡಾಕ್ಟರು ಬಂದು ಉಳಿದಿದ್ದವನ್ನು ನೋಡಿದರು. ಒಂದಕ್ಕೆ ಸೂಜಿ ಕೊಟ್ಟು ಮುಗಿಸಬೇಕಾಯ್ತು. "ಈ ಜಾಗ ಈ ವರ್ಷ ಸುಡಬೇಕಿತ್ತಲ್ವಾ, ಯಾಕೆ ಬಿಟ್ಟಿರಿ?" ಅಂತ ಕೇಳಿದರು. ಡ್ರೈವರ್ ನೆಲ ನೋಡುತ್ತಾ "ದಿನ ಕೂಡಿ ಬರಲಿಲ್ಲ ಸಾರ್" ಅಂದ.

ಏಪ್ರಿಲ್ ೨೧

ಆಸ್ಪತ್ರೆಗೆ ಹೋಗಿದ್ದೆ. ತಂಗಿಯ ಎರಡೂ ಕೈಗೆ ಬಿಳಿ ಬಟ್ಟೆ ಸುತ್ತಿ ದಿಂಬಿನ ಮೇಲೆ ಇಟ್ಟಿದ್ದಾರೆ. ಬೆರಳು ಮೊದಲಿನ ಹಾಗೆ ಮಡಚೋದು ಕಷ್ಟವಂತೆ. ನಾನು ಸ್ಟೂಲಿನ ಮೇಲೆ ಕೂತೆ. ಹೊರಗೆ ಜನ ಇದ್ದರು, ಕೋಣೆಯಲ್ಲಿ ನಾವಿಬ್ಬರೇ. ಈಗ ಕೇಳ್ತಾಳೆ ಅಂದುಕೊಂಡೆ. "ನಿನ್ನ ದನ ನೀರು ಕುಡೀತಿದ್ದಾವಾ? ಹೊಗೆ ಕುಡಿದ್ರೆ ಎರಡು ದಿನ ಬಾಯಿ ಹಾಕಲ್ಲ" ಅಂದಳು. ಕುಡೀತಿದ್ದಾವೆ ಅಂದೆ. "ಕಣ್ಣಿಗೆ ಹೊಗೆ ತಾಗಿತಾ?" ಅಂದಳು. ಇಲ್ಲ ಅಂದೆ. ಅಷ್ಟೇ.

ಗಾಳಿ ಸರಿ ಇರಲಿಲ್ಲ ಅಂತ ಹೇಳೋಕೆ ಬಾಯಿ ತೆರೆದೆ. ಅಷ್ಟರಲ್ಲಿ ನರ್ಸ್ ಬಂದರು.

ಮೇ ೧೪

ಬೆಳಗಾದ್ರೆ ಎರಡು ಮನೆ ದನ ನನ್ನ ತಲೆ ಮೇಲೆ. ಅವಳ ಕೊಟ್ಟಿಗೆ ಗುಡಿಸು, ಅವಳ ಹಸು ಕರೆ, ಆಮೇಲೆ ನನ್ನದು. ಅವಳ ಒಂದು ಕೆಂದ ಹಸು ನಾನು ಕೂತರೆ ಸಾಕು ಒದೆಯುತ್ತೆ, ನನ್ನ ಮೇಲೆ ಅದಕ್ಕೇನು ಹಗೆಯೋ. ಆಳು ಇಟ್ಟುಕೋ ಅಂತ ತಂಗಿ ಹೇಳಿದಳು. ಆಳಿನ ಕೈಗೆ ಆ ಹಸು ಹಾಲು ಬಿಡುತ್ತಾ? ಬಿಡಲ್ಲ. ಬೇರೆ ದಾರಿಯಿಲ್ಲದೆ ಮಾಡ್ತಿದ್ದೀನಿ, ಯಾರೂ ದೊಡ್ಡದಾಗಿ ತಿಳಿದುಕೊಳ್ಳಬೇಕಾಗಿಲ್ಲ.

ಹಾಲು ಕರೆಯುವಾಗ ಒಬ್ಬನೇ ಮಾತಾಡ್ತೀನಂತೆ. ನಮ್ಮವಳು ಹೇಳಿದಳು. "ಯಾರಿಗೆ ಉತ್ತರ ಹೇಳ್ತಿದ್ರಿ?" ಅಂದಳು. ಹಸುವಿಗೆ ಅಂದೆ.

ಮೇ ೩೦

ಡ್ರೈವರ್ ಜೊತೆ ಟೀ ಕುಡಿದೆ. ಎಂಜಿನ್, ಅವನ ಮಾವನ ಹಲ್ಲು, ಪಕ್ಕದ ಮನೆ ನಾಯಿ, ಎಲ್ಲಾ ಆಯ್ತು. ನಾನೇ ಒಂದೆರಡು ಸಲ ಮಾತನ್ನು ಫೆಬ್ರವರಿ ಕಡೆ ಎಳೆದೆ. ಅವನು ಬಿಸಿ ಪಾತ್ರೆ ಮುಟ್ಟಿದವನ ಹಾಗೆ ಹಿಂದಕ್ಕೆ ಸರಿದ. ಒಳ್ಳೇ ಮನುಷ್ಯರು ಇವರು, ಹಾಳಾಗಿ ಹೋಗಲಿ. ಕೇಳಬಾರದು ಅಂದ್ರೆ ಇಷ್ಟೊಂದಾ? ಒಬ್ಬನಾದ್ರೂ ಕುಡಿದಾದ್ರೂ ಕೇಳಬಾರದಾ?

ಜುಲೈ ೩

ಮಳೆ ಬಿದ್ದಿದೆ. ಸುಟ್ಟ ಮೂಡಲ ಪಾಲಿನಲ್ಲಿ ಕಣ್ಣು ತಂಪಾಗೋ ಹಾಗೆ ಚಿಗುರು. ಇವತ್ತು ದನ ಬಿಟ್ಟೆ. ಅಟ್ಟಲಿಲ್ಲ, ಹೊಡೆಯಲಿಲ್ಲ, ನೆಟ್ಟಗೆ ಅಲ್ಲಿಗೇ ಹೋಗಿ ತಲೆ ತಗ್ಗಿಸಿದವು. ನಡು ಪಾಲಿನ ಕಡೆ ತಿರುಗಿಯೂ ನೋಡಲಿಲ್ಲ. ಅವಳು ಕೋಲಿನಲ್ಲಿ ತೋರಿಸಿದ ಹಾಗೇ ಆಯ್ತು. ಗಂಟೆ ಸದ್ದಿಲ್ಲ, ಹಾಗಾಗಿ ಎಲ್ಲಿವೆ ಅಂತ ಗುಡ್ಡ ಹತ್ತಿ ನೋಡಬೇಕು.

ತಂಗಿ ಬಂದಿದ್ದಳು, ಸೆರಗಿನಲ್ಲಿ ಕೈ ಸುತ್ತಿಕೊಂಡು. ತುಂಬಾ ಹೊತ್ತು ನೋಡಿದಳು. "ಹಸಿವಾಗಿದೆ ಅವಕ್ಕೆ" ಅಂದಳು. ಬೈದಿದ್ರೆ ಏನು ಹೋಗುತ್ತಿತ್ತು ಅವಳ ಗಂಟು? ಚಿಕ್ಕವಳಿದ್ದಾಗ ಒಂದು ಪೆನ್ಸಿಲ್ ಮುರಿದಿದ್ದಕ್ಕೆ ನನ್ನ ಕೈ ಕಚ್ಚಿದ್ದಳು.

ಅಕ್ಟೋಬರ್ ೨೦

ಕೆಂದ ಹಸು ಒದೆಯೋದು ಬಿಟ್ಟಿದೆ.

ಜನವರಿ ೩೦

ಸಭೆ. ಯಜಮಾನಿಕೆ ತಂಗಿಯದೇ. ಯಾರೂ ಕೆಮ್ಮಲಿಲ್ಲ. ಈ ಸಲ ನಡು ಪಾಲು. ಅವಳ ಬೆರಳು ಕ್ಯಾನಿನ ಹಿಡಿ ಹಿಡಿಯಲ್ಲ, ಅದನ್ನು ಬೇಲಿಯವನು ಹಿಡಿಯೋದು. ನನ್ನನ್ನು ಸಾಲಿನಿಂದ ತೆಗೀತಾರೆ ಅಂದುಕೊಂಡು ಹೋಗಿದ್ದೆ, ತೆಗೀಲಿ ಅಂತಲೂ ಇತ್ತು. "ಅಣ್ಣ ನೀರಿನ ಹತ್ತಿರ" ಅಂದಳು, ಹೋದ ವರ್ಷದ ಹಾಗೇ.

ಫೆಬ್ರವರಿ ೧೧

ಇವತ್ತು ನಡೆದಿದ್ದನ್ನು ನಡೆದ ಹಾಗೇ ಬರೀತೀನಿ.

ಹೊರಗಡೆ ಅಂಚು ನೆನೆಸಿದೆ, ಹೇಳಿಸಿಕೊಳ್ಳದೆ. ಸಾಲಾಗಿ ನಿಂತೆವು. ಬಿಸಿಲು ಚೆನ್ನಾಗಿತ್ತು, ಬಟ್ಟೆ ಪಟ್ಟಿ ಸರಿಯಾದ ಕಡೆಗೇ ಆಡುತ್ತಿತ್ತು. ತಂಗಿ ಕೇಳುತ್ತಾ ಬಂದಳು. ಹಚ್ಚೋಣ, ಹಚ್ಚೋಣ. ನನ್ನ ಹತ್ತಿರ ಬರೋ ಹೊತ್ತಿಗೆ ಮೂಗಿಗೆ ಕೆಸರಿನ ವಾಸನೆ ಬಂತು. ಕೆರೆ ಇರೋದು ನಮ್ಮ ಹಿಂದೆ ಅಲ್ಲ, ಎದುರಿಗೆ. ಆ ವಾಸನೆ ಬರಬೇಕಾದ್ರೆ ಗಾಳಿ ಹಿಂದಕ್ಕೆ ತಿರುಗೋಕೆ ಶುರು ಮಾಡಿದೆ ಅಂತ ಅರ್ಥ. ಬೇರೆ ಯಾರಾದ್ರೂ ಹೇಳಲಿ ಅಂತ ಅಕ್ಕಪಕ್ಕ ನೋಡಿದೆ. ಅವರಿಗೆ ಮೂಗು ಇದ್ರೆ ತಾನೇ.

"ಹಚ್ಚೋಣವಾ?"

"ಬೇಡ" ಅಂದೆ.

ಡ್ರೈವರ್ ಪೈಪ್ ಸುತ್ತೋಕೆ ಬಗ್ಗಿದ. ಆಗ ತಂಗಿ "ಯಾಕೆ?" ಅಂದಳು.

ಬಗ್ಗಿದ ಡ್ರೈವರ್ ಹಾಗೇ ನಿಂತ. ಬೇಲಿಯವನು ನನ್ನ ಮುಖ ನೋಡದೆ ಕ್ಯಾನಿನ ಮುಚ್ಚಳ ನೋಡಿದ. ನಾನು ಹೇಳಿದೆ, ಕೆಸರಿನ ವಾಸನೆ ಬರ್ತಿದೆ, ಗಾಳಿ ತಿರುಗುತ್ತೆ ಅಂತ. ಅವಳು ಬಟ್ಟೆ ಪಟ್ಟಿ ನೋಡಿದಳು. ಅದು ಇನ್ನೂ ಮೊದಲಿನ ಕಡೆಗೇ ಆಡುತ್ತಿತ್ತು. "ನೋಡೋಣ" ಅಂದಳು. ಎಲ್ಲರೂ ನಿಂತೇ ಇದ್ದೆವು. ನನ್ನ ಮಾತು ನಿಜವೋ ಸುಳ್ಳೋ ಅಂತ ಒಂದು ಬಟ್ಟೆ ಚೂರನ್ನು ನೋಡುತ್ತಾ ನಿಂತರು, ನನ್ನದೇ ಜನ. ಆಮೇಲೆ ಪಟ್ಟಿ ಜೋತುಬಿತ್ತು, ಮೆಲ್ಲಗೆ ಎದ್ದು ನಮ್ಮ ಹಿಂದಿದ್ದ ಟ್ಯಾಂಕರ್ ಕಡೆಗೆ ತಿರುಗಿತು. "ಸರಿ, ಇವತ್ತು ಬೇಡ" ಅಂದಳು.

ವರ್ಷವಿಡೀ ಕಾದಿದ್ದೆ ಯಾಕೆ ಅನ್ನೋ ಆ ಒಂದು ಮಾತಿಗೆ. ಬಂತು. ಮೈಯೆಲ್ಲಾ ಉರಿಯಿತು.

ವಾಪಸ್ ಬರೋವಾಗ ಅವಳ ಜೊತೆ ನಡೆದೆ. "ಹೋದ ವರ್ಷ ಗಾಳಿ ಸರಿ ಇತ್ತು" ಅಂದೆ.

"ಗೊತ್ತು."

"ಆವತ್ತೇ ಗೊತ್ತಿತ್ತಾ?"

"ಕೋಲು ನನ್ನ ಕೈಯಲ್ಲೇ ಇತ್ತಲ್ಲಣ್ಣ."

"ಮತ್ತೆ ಯಾಕೆ ಕೇಳಲಿಲ್ಲ ನೀನು? ಒಂದು ಮಾತು ಕೇಳಿದ್ರೆ ನಾನು ಅಲ್ಲೇ..."

"ಕೇಳಬಾರದು ಅಂತ ಕಲಿಸಿದ್ದು ಯಾರು?" ಅಂದಳು. ದನಿ ಏರಿಸಲಿಲ್ಲ. ಆ ಮಡಚದ ಬೆರಳಿನಲ್ಲಿ ಗೇಟಿನ ಚಿಲಕ ತೆಗೆಯೋಕೆ ನೋಡುತ್ತಿದ್ದಳು. ನಾನು ತೆಗೆದೆ.

ಫೆಬ್ರವರಿ ೧೬

ನಡು ಪಾಲು ಸುಟ್ಟೆವು. ಎದುರುಗಾಳಿಗೆ ಹಚ್ಚಿದ ಬೆಂಕಿ ಮೆಲ್ಲಗೆ ತಿನ್ನುತ್ತಾ ಬಂದು ಬೋಳು ದಾರಿ ಹತ್ತಿರ ತಾನೇ ಆರಿತು. ಒಂದು ಬೇಲಿ ಗೂಟವೂ ಹೋಗಲಿಲ್ಲ.

ಹಚ್ಚೋ ಮೊದಲು ಕೇಳಿದಾಗ ಬೇಲಿಯವನು ಕ್ಯಾನನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದ. ಆಮೇಲೆ "ಹಚ್ಚೋಣ" ಅಂದ. ಎಲ್ಲಾ ಮುಗಿದ ಮೇಲೆ ಟ್ಯಾಂಕರ್ ಹತ್ತಿರ ಕೈ ತೊಳೆಯೋಕೆ ಬಂದ. ತೊಳೆದ ಕೈಯನ್ನೇ ಮತ್ತೆ ಮತ್ತೆ ತೊಳೆದ. ಏನಯ್ಯ ಅಂದೆ. "ಏನಿಲ್ಲಣ್ಣ. ಕ್ಯಾನ್ ಹಿಡಿದ ತಕ್ಷಣ ಯಾಕೋ ಬೇಡ ಅನಿಸ್ತು. ಆದ್ರೆ ಈಗ ಯಾಕೆ ಅಂತ ಕೇಳ್ತಾರಲ್ಲ. ನಿಮ್ಮ ಥರ ವಾಸನೆ ಗೀಸನೆ ನಂಗೆ ಬರಲ್ಲ. ಏನಂತ ಹೇಳಲಿ?" ಅಂದ. ಅಂದು ನಕ್ಕ.

ಆ ಹಾಲು ಕರೆಯೋನ ಬೆನ್ನು ಕಣ್ಣ ಮುಂದೆ ಬಂತು.

ಸೀದಾ ತಂಗಿಯ ಮನೆಗೆ ಹೋದೆ. "ನನ್ನೊಬ್ಬನನ್ನ ಬೇಕಾದಷ್ಟು ಕೇಳು ಕಣೇ, ಉಳಿದವರನ್ನ ಯಾಕೆ ಅಂತ ಕೇಳಬೇಡ" ಅಂದೆ. ಅವಳು ಕೈಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳು. "ನಿನ್ನೊಬ್ಬನನ್ನ ಮಾತ್ರ ಕೇಳಿದ್ರೆ, ಗಾಳಿಯಣ್ಣನನ್ನ ಮಾತ್ರ ಯಾಕೆ ಅಂತಾರೆ. ಆಗ ನಾನು ಹೋದ ವರ್ಷದ್ದು ಹೇಳಬೇಕಾಗುತ್ತೆ. ಇಲ್ಲಿವರೆಗೂ ಯಾರಿಗೂ ಹೇಳಿಲ್ಲ. ಅವರೇನು ಅಂದುಕೊಂಡಿದ್ದಾರೋ ನಂಗೊತ್ತಿಲ್ಲ. ನನ್ನ ಬಾಯಿಂದ ಬಂದಿಲ್ಲ" ಅಂದಳು. ಎಣ್ಣೆ ಬಟ್ಟಲು ಪಕ್ಕಕ್ಕೆ ಸರಿಸಿ, "ನೀನೇ ಎಲ್ಲರೆದುರು ಹೇಳಿದ್ರೆ ಉಳಿದವರಿಗೆ ನಿಯಮ ಮೊದಲಿನ ಹಾಗೇ ಆಗುತ್ತೆ" ಅಂದಳು.

ಹೇಳ್ತೀನಿ. ತಿಂಗಳ ಕೊನೆಗೆ ಸಭೆ ಇದೆ. ಎಲ್ಲರೂ ಇರ್ತಾರೆ. ಎದ್ದು ನಿಂತು ಹೇಳ್ತೀನಿ.

ಫೆಬ್ರವರಿ ೨೮

ಸಭೆ ಆಯ್ತು. ಹಾಲಿನ ಕ್ಯಾನು ತೂತಾಗಿರೋ ಮಾತು ಬಂತು, ತೊಟ್ಟಿ ರಿಪೇರಿ ಮಾತು ಬಂತು. ಬರೋ ವರ್ಷ ಪಡುವಲ ಪಾಲು ಸುಡುವಾಗಲೂ ಬೇಲಿಯವನೇ ಕ್ಯಾನ್ ಹಿಡೀತಾನೆ ಅಂತ ಆಯ್ತು, ಅವನು ಹೂಂ ಅಂದ. ನಾನು ಬಾಗಿಲ ಪಕ್ಕದ ಬೆಂಚಿನ ತುದಿಯಲ್ಲಿ ಕೂತೇ ಇದ್ದೆ. ತಂಗಿ ಕೊನೆಯವರೆಗೂ ನನ್ನ ಕಡೆ ನೋಡುತ್ತಾ ಇದ್ದಳು. ಬೇರೆ ಏನಾದ್ರೂ ಮಾತಿದೆಯಾ ಅಂತ ಡ್ರೈವರ್ ಎಲ್ಲರಿಗೂ ಅಂದ, ನನ್ನ ಹೆಸರು ಹಿಡಿದು ಕೇಳಲಿಲ್ಲ. ಯಾರೂ ಕೇಳಲಿಲ್ಲ.